ನಾರ್ವೆಯ 1905: ಅಷ್ಟು ಸುಲಭವಾಗಿರಲಿಲ್ಲ

ಓದುಗರ ಪತ್ರ: ‘1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಶಾಂತವಾಗಿ ಬೇರೆಯಾಯಿತು’ ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ರಾಜ ಹಾಗೆ ಸುಮ್ನೆ ಬಿಟ್ಟುಕೊಡುತ್ತಾನೆ? ಒಬ್ಬ ರಾಜನನ್ನು ಬಿಟ್ಟವರು ಇನ್ನೊಬ್ಬನನ್ನು ಯಾಕೆ ಕರೆತಂದರು?

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸರಿ. ಆ ಸಾಲು ಬರೆದವನು ನಾನೇ. ಅಷ್ಟು ಹೇಳಿದರೆ ಸಾಲದು.

1814ರಿಂದ ಎರಡೂ ದೇಶಗಳಿಗೆ ಒಬ್ಬನೇ ರಾಜ. ನಾರ್ವೆಗೆ ತನ್ನದೇ ಸಂವಿಧಾನ, ತನ್ನದೇ ಸಂಸತ್ತು ಇತ್ತು. ಹೊರದೇಶಗಳ ವ್ಯವಹಾರ ಮಾತ್ರ ಸ್ವೀಡನ್‌ನ ರಾಜಧಾನಿ ಸ್ಟಾಕ್‌ಹೋಮ್ ಕೈಯಲ್ಲಿತ್ತು. ಜಗಳ ಹತ್ತಿಕೊಂಡಿದ್ದೂ ಅಲ್ಲೇ. ನಾರ್ವೆಯ ಹಡಗುಗಳು ಲೋಕವೆಲ್ಲ ಸುತ್ತುತ್ತಿದ್ದವು. ಪರದೇಶದ ಬಂದರುಗಳಲ್ಲಿ ನಮ್ಮ ಹಡಗು, ವ್ಯಾಪಾರ ನೋಡಿಕೊಳ್ಳಲು ನಮ್ಮದೇ ಅಧಿಕಾರಿಗಳು, ಅಂದರೆ ಕಾನ್ಸಲ್‌ಗಳು, ಬೇಕು ಎಂದು ಅವರ ಸಂಸತ್ತು ಕಾನೂನು ಮಾಡಿತು. ಮೇ 27ರಂದು ರಾಜ ಎರಡನೇ ಆಸ್ಕರ್ ಅದನ್ನು ತಳ್ಳಿಹಾಕಿದರು. ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ಬೇರೆ ಸರ್ಕಾರ ಕಟ್ಟಲು ಯಾರೂ ಸಿಗುವುದಿಲ್ಲವೆಂದು ರಾಜರು ರಾಜೀನಾಮೆಯನ್ನೂ ಒಪ್ಪಲಿಲ್ಲ.

ಮುಂದಿನ ಭಾಗ ನನಗೆ ತುಂಬ ಇಷ್ಟ. ಪ್ರಧಾನಿ ಕ್ರಿಸ್ಟಿಯನ್ ಮಿಕೆಲ್ಸನ್ ಬರ್ಗನ್ ಊರಿನ ಹಡಗು ಮಾಲೀಕರು, ಕಾನೂನು ಬಲ್ಲವರು. ಜೂನ್ 7ರಂದು ಸಂಸತ್ತು ಒಂದು ನಿರ್ಣಯ ಮಾಡಿತು. ಅದರಲ್ಲಿ ಗುಡುಗಿಲ್ಲ, ಆವೇಶವಿಲ್ಲ. ಹೊಸ ಸರ್ಕಾರ ಕೊಡಲಾಗದು ಎಂದು ರಾಜರೇ ಹೇಳಿದ್ದಾರೆ, ಹಾಗಾಗಿ ಸದ್ಯಕ್ಕೆ ಇದೇ ಮಂತ್ರಿಗಳು ಆಡಳಿತ ನಡೆಸಲಿ ಎಂಬುದೇ ಅದರ ಮುಖ್ಯ ಮಾತು. ರಾಜರು ನಾರ್ವೆಯ ರಾಜರಾಗಿ ಇನ್ನು ಕೆಲಸ ಮಾಡುತ್ತಿಲ್ಲವಾದ್ದರಿಂದ ಸ್ವೀಡನ್ ಜೊತೆಗಿನ ಒಕ್ಕೂಟ ಮುಗಿದಿದೆ ಎಂಬುದು ಅದೇ ವಾಕ್ಯದೊಳಗಿನ ಒಂದು ಉಪವಾಕ್ಯ. 91 ವರ್ಷದ ನಂಟು ಒಂದು ಉಪವಾಕ್ಯದಲ್ಲಿ ಹರಿದುಹೋಯಿತು!

ಸ್ವೀಡನ್‌ನಲ್ಲಿ ಸಿಟ್ಟು ಬಾರದೆ ಇರುತ್ತದೆಯೇ? ನಾರ್ವೆಯ ಜನರ ಮನಸ್ಸು ತಿಳಿಯಲು ಆಗಸ್ಟ್ 13ರಂದು ಮತದಾನ ನಡೆಯಿತು. ಬೇರೆಯಾಗೋಣ ಎಂದವರು 3,68,208 ಮಂದಿ. ಬೇಡ ಎಂದವರು ಬರೀ 184. ಹೆಂಗಸರಿಗೆ ಮತ ಹಾಕುವ ಅವಕಾಶವೇ ಇರಲಿಲ್ಲ. ಅವರು ಕೈಕಟ್ಟಿ ಕೂರದೆ ಊರೂರಿನಲ್ಲಿ ಸಹಿ ಸಂಗ್ರಹಿಸಿದರು. ಎರಡು ಲಕ್ಷಕ್ಕೂ ಜಾಸ್ತಿ ಸಹಿಗಳು! ಅವರೆಲ್ಲರಿಗೂ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1913ರಲ್ಲಿ. ಆ 184ರ ಕಥೆ ಎಲ್ಲರೂ ಹೇಳುತ್ತಾರೆ. ಈ ಸಹಿಗಳನ್ನೂ ಹೇಳಬೇಕು, ಅಲ್ವಾ?

ನಾನು ‘ಶಾಂತವಾಗಿ’ ಎಂದು ಬರೆದು ತಪ್ಪಿದ್ದು ಸೆಪ್ಟೆಂಬರ್ ವಿಷಯದಲ್ಲಿ. ಗಡಿಯ ಎರಡೂ ಕಡೆ ಸೈನಿಕರು ಸಜ್ಜಾಗಿದ್ದರು. ಸ್ವೀಡನ್‌ನ ಕಾರ್ಲ್‌ಸ್ಟಾಡ್‌ನಲ್ಲಿ ಮಾತುಕತೆ ವಾರಗಟ್ಟಲೆ ನಡೆಯಿತು. ಯುದ್ಧ ಬೇಡ ಎಂದು ಸ್ವೀಡನ್‌ನ ಕಾರ್ಮಿಕ ಚಳವಳಿಯೇ ಎದ್ದು ನಿಂತಿತ್ತು. ಕೊನೆಗೆ ನಾರ್ವೆ ತನ್ನ ಗಡಿಕೋಟೆಗಳಲ್ಲಿ ಕೆಲವನ್ನು ಕೆಡವಲು ಒಪ್ಪಿತು. ತಾವೇ ಕಟ್ಟಿದ್ದನ್ನು ತಾವೇ ಒಡೆಯುವುದು ಅಲ್ಲಿನ ಎಷ್ಟೋ ಜನರಿಗೆ ಅವಮಾನವೆನಿಸಿತು. ಅಕ್ಟೋಬರ್ 26ರಂದು ಆಸ್ಕರ್ ಕೂಡ ನಾರ್ವೆಯ ಸಿಂಹಾಸನ ಬಿಟ್ಟುಕೊಟ್ಟರು. ಎರಡೂ ಕಡೆಯವರು ಕಹಿ ನುಂಗಿದ್ದರಿಂದ ರಕ್ತ ಹರಿಯಲಿಲ್ಲ.

ಇನ್ನು ಹೊಸ ರಾಜನ ವಿಷಯ. ಆಗಿನ ಯುರೋಪಿನಲ್ಲಿ ಹೆಚ್ಚಿನವು ರಾಜರ ದೇಶಗಳು. ರಾಜನಿದ್ದರೆ ಅವು ಬೇಗ ಮಾನ್ಯ ಮಾಡುತ್ತವೆ ಎಂಬ ಲೆಕ್ಕವಿತ್ತು. ಡೆನ್ಮಾರ್ಕ್‌ನ ರಾಜಕುಮಾರ ಕಾರ್ಲ್‌ರನ್ನು ಕೇಳಿದರು. ಅವರ ಹೆಂಡತಿ ಮಾಡ್ ಬ್ರಿಟನ್ ರಾಜನ ಮಗಳು. ಆದರೆ ಕಾರ್ಲ್ ತಕ್ಷಣ ಹೂಂ ಅನ್ನಲಿಲ್ಲ. ನಿಮ್ಮಲ್ಲಿ ಗಣರಾಜ್ಯ ಬೇಕೆನ್ನುವವರೂ ಇದ್ದಾರೆ, ಮೊದಲು ಜನರನ್ನು ಕೇಳಿ ಎಂದರು. ನವೆಂಬರ್‌ನಲ್ಲಿ ಮತ್ತೆ ಮತದಾನವಾಯಿತು. 2,59,563 ಮಂದಿ ಹೌದು ಎಂದರು, 69,264 ಮಂದಿ ಬೇಡ ಎಂದರು. ಆಮೇಲೆಯೇ ಅವರು ಏಳನೇ ಹೋಕನ್ ಎಂಬ ಹಳೆಯ ನಾರ್ವೆಯ ಹೆಸರು ಇಟ್ಟುಕೊಂಡು ಹೊರಟರು. ನವೆಂಬರ್ 25ರಂದು ರಾಜಧಾನಿಯಲ್ಲಿ, ಈಗಿನ ಓಸ್ಲೋದಲ್ಲಿ, ಹಿಮ ಬೀಳುತ್ತಿತ್ತು. ಹಡಗಿನ ಮೇಲೆ ಅವರನ್ನು ಮಿಕೆಲ್ಸನ್ ಎದುರುಗೊಂಡರು. ಹೊಸ ರಾಜನ ತೋಳಿನಲ್ಲಿ ಎರಡು ವರ್ಷದ ಮಗನಿದ್ದ. ಅಲೆಕ್ಸಾಂಡರ್ ಆಗಿದ್ದ ಆ ಮಗುವಿನ ಹೆಸರೂ ಬದಲಾಗಿ ಊಲಾವ್ ಎಂದಾಗಿತ್ತು.