ಬರಹಗಾರರಿಗೆ ಸಲಹೆ: ಏಳನೇ ಪುಟದಿಂದ ಶುರು ಮಾಡಿ

ಸೋಮವಾರಪೇಟೆಯ ಗೆಳೆಯರೇ,

ಸಿ.ಡಿ. ಮಾಸ್ಟರ್ (ಎಲ್ಲ ಪ್ರತಿಗಳಿಗೂ ಮೂಲವಾಗುವ ಗಾಜಿನ ತಟ್ಟೆ) ಬರೆಯುವ ಯಂತ್ರಕ್ಕಾಗಿ ನೀವು ಮಾಡಿದ ವೇಗದ ಸರ್ಕ್ಯೂಟ್ ಬಗ್ಗೆ ಕಳಿಸಿದ ಒಂಬತ್ತು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ತಲಕಾವೇರಿಯಲ್ಲಿ ಹುಟ್ಟಿ ಮಾಹಿತಿ ಯುಗದ ತನಕ ಹರಿಯುತ್ತವೆ. ತೆಗೆದುಬಿಡಿ. ಕೊಡಗಿನವರು ಏನು ಬರೆದರೂ ಅಲ್ಲಿಂದಲೇ ಹೊರಡುತ್ತೇವೆ. ನಾನೂ ಒಂದು ಕಾಲಕ್ಕೆ ಹಾಗೇ ಬರೆದವನು.

ಮೂರನೇ ಪುಟದಲ್ಲಿ ತಪ್ಪಿದೆ. ಡಿಸ್ಕ್ ಮೇಲಿನ ಸಣ್ಣ ತಗ್ಗುಗಳ ಬಗ್ಗೆ ‘ಗುಂಡಿ ಅಂದರೆ ಒಂದು, ಸಮತಟ್ಟು ಅಂದರೆ ಸೊನ್ನೆ’ ಎಂದಿದ್ದೀರಿ. ಹಾಗಲ್ಲ. ಗುಂಡಿ ಶುರುವಾಗುವ ಅಂಚು, ಮುಗಿಯುವ ಅಂಚು, ಇವೇ ಒಂದು. ಉಳಿದದ್ದೆಲ್ಲ ಸೊನ್ನೆ. ಇದನ್ನು ಸಣ್ಣ ತಿದ್ದುಪಡಿ ಅಂದುಕೊಳ್ಳಬೇಡಿ, ನಿಮ್ಮ ಸರ್ಕ್ಯೂಟ್ ಯಾಕೆ ಬೇಕು ಅನ್ನುವುದೇ ಇದರಲ್ಲಿದೆ. ಸಿ.ಡಿ.ಯಲ್ಲಿ ಒಂದು ಬಿಟ್‌ಗೆ ಸಿಗುವ ಕಾಲ ಸುಮಾರು 231 ನ್ಯಾನೋ ಸೆಕೆಂಡ್, ಡಿ.ವಿ.ಡಿ.ಯಲ್ಲಿ ಬರೀ 38. ಗಾಜಿನ ತಟ್ಟೆಯ ಮೇಲೆ ಲೇಸರ್ ಯಾವಾಗ ಬೀಳಬೇಕು, ಯಾವಾಗ ನಿಲ್ಲಬೇಕು ಅಂತ, ಆ ಬೆಳಕನ್ನು ಬಿಟ್ಟು ತಡೆಯುವ ಮಾಡ್ಯುಲೇಟರ್‌ಗೆ ಹೇಳುವುದು ನಿಮ್ಮ ಬೋರ್ಡ್. ಅದು ತಡಬಡಿಸಿದರೆ ಅಂಚು ಜರುಗುತ್ತದೆ. ಆ ಮಾಸ್ಟರ್‌ನಿಂದ ನಿಕಲ್ ಅಚ್ಚು ತೆಗೆದು ಒತ್ತಿದ ಪ್ರತಿ ಡಿಸ್ಕ್‌ನಲ್ಲೂ ಅದೇ ತಪ್ಪು ಕೂತಿರುತ್ತದೆ.

ನಿಜವಾದ ಲೇಖನ ಇರುವುದು ಏಳನೇ ಪುಟದಲ್ಲಿ. ಕಕ್ಕಡ ತಿಂಗಳ ಮಳೆ, ಹೋಗಿ ಬರುವ ಕರೆಂಟು, ಕಾಫಿ ಚೀಲಗಳ ಪಕ್ಕದಲ್ಲೊಂದು ಮೇಜು. ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಸ್ಕೋಪ್‌ನಲ್ಲಿ ಪಲ್ಸ್‌ನ ಅಂಚು ನಡುಗುತ್ತಿದೆ. ಎರಡು ದಿನ ಬೋರ್ಡನ್ನೇ ಬೈದಿರಿ. ಕೊನೆಗೆ ನೋಡಿದರೆ, ಬೋರ್ಡಿಗೆ ಮುಟ್ಟಿಸುವ ಪ್ರೋಬ್‌ನ ಗ್ರೌಂಡ್ ವೈರ್ ಗೇಣುದ್ದ ಇತ್ತು! ಅದನ್ನು ಕಿತ್ತು ತುದಿಗೇ ಒಂದು ಮೋಟು ಸ್ಪ್ರಿಂಗ್ ಹಾಕಿದಿರಿ, ನಡುಕ ನಿಂತಿತು. ಇಷ್ಟು ಒಳ್ಳೆಯದನ್ನು ನಾಲ್ಕೇ ಸಾಲಲ್ಲಿ ಮುಗಿಸಿದ್ದೀರಲ್ಲ! ಅಲ್ಲಿಂದಲೇ ಶುರು ಮಾಡಿ. ಎರಡು ಪುಟ ಅದಕ್ಕೇ ಇರಲಿ. ಎಂಟನೇ ಪುಟದ ಬ್ಲಾಕ್ ಚಿತ್ರ ಬೇಡ.

ಗಾಜಿನ ಮೇಲೆ ಬಳಿಯುವ ಪದರಕ್ಕೆ ‘ದ್ಯುತಿಸಂವೇದಿ ಲೇಪನ’ ಅಂತ ಸುಮ್ನೆ ಯಾಕೆ? ಕೆಲಸಕ್ಕೆ ಕೂತಾಗ ನೀವು ಹಾಗೆ ಅನ್ನುವುದಿಲ್ಲ ಅಲ್ವಾ? ಫೋಟೊರೆಸಿಸ್ಟ್ ಅಂತಲೇ ಬರೆಯಿರಿ. ಡೆವಲಪರ್ ಹಾಕಿದಾಗ, ಬೆಳಕು ಬಿದ್ದ ಕಡೆ ಮಾತ್ರ ಕರಗಿ ಗುಂಡಿಯಾಗುತ್ತದೆ ಅಂತ ಒಂದು ಸಲ ಹೇಳಿದರೆ ಸಾಕು.

ಐದು ಪುಟಕ್ಕಿಂತ ಜಾಸ್ತಿ ಮಾಡಬೇಡಿ. ಮತ್ತೆ, ಆ ಸ್ಕೋಪ್ ಯಾರ ಹತ್ತಿರ ಕೇಳಿ ತಂದದ್ದು ಅಂತ ಬರೆದೇ ಇಲ್ಲ. ಅದನ್ನೂ ಸೇರಿಸಿ.