ಸ್ಕೂಲುಗಳಲ್ಲಿ ರಗ್ಬಿ ಯಾಕೆ ಕಮ್ಮಿಯಾಗುತ್ತಿದೆ? ಆಕ್ಲೆಂಡಿಗೆ ಹೊಸದಾಗಿ ಬಂದ ತಾಯಿಗೆ ಉತ್ತರ

ನಮಸ್ಕಾರ. ನೀವು ಅಕ್ಕಾ ಅಂತ ಕರೆದು ಕೇಳಿದ್ದೀರಿ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆ ಇಷ್ಟು. ಶಿವಮೊಗ್ಗದಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಕೆಲವೇ ತಿಂಗಳಾಗಿದೆ. ಮಗ ಇಯರ್ ನೈನ್, ಅಂದರೆ ಇಲ್ಲಿನ ಹೈಸ್ಕೂಲಿನ ಮೊದಲ ವರ್ಷ, ಸೇರಿದ್ದಾನೆ. ಆಸೆಯಿಂದ ರಗ್ಬಿಗೆ ಹೆಸರು ಕೊಟ್ಟ. ಹುಡುಗರು ಸಾಲಲಿಲ್ಲ ಅಂತ ಅವನ ವಯಸ್ಸಿನ ತಂಡವನ್ನೇ ಸ್ಕೂಲಿನವರು ಈ ವರ್ಷ ಕೈಬಿಟ್ಟರು. ರಗ್ಬಿ ಅಂದರೆ ಪ್ರಾಣ ಬಿಡುವ ದೇಶದಲ್ಲಿ ಹೀಗ್ಯಾಕೆ? ಸ್ಕೂಲೇ ಸರಿ ಇಲ್ಲವಾ, ಬೇರೆ ಕಡೆ ಹಾಕಬೇಕಾ, ಅಥವಾ ಆ ಆಟದ ಸಹವಾಸವೇ ಬೇಡವಾ?

ಸ್ಕೂಲು ಬದಲಿಸುವ ಯೋಚನೆ ಬಿಡಿ. ಇಲ್ಲಿ ಸರ್ಕಾರಿ ಸ್ಕೂಲುಗಳಿಗೆ ಝೋನ್ ಇರುತ್ತದೆ, ಅಂದರೆ ಆ ಸುತ್ತಲಿನ ಮನೆಗಳ ಮಕ್ಕಳಿಗೇ ಮೊದಲು ಸೀಟು. ಸ್ಕೂಲು ಬದಲಿಸಬೇಕು ಅಂದರೆ ಹೆಚ್ಚಾಗಿ ಮನೆಯನ್ನೇ ಬದಲಿಸಬೇಕು. ಅಷ್ಟೆಲ್ಲಾ ಮಾಡಿ ಹೋದರೂ ಅಲ್ಲಿ ಇದೇ ಕಥೆ ಇರಬಹುದು. ನನ್ನ ಮಗ ಹೈಸ್ಕೂಲಿನಲ್ಲಿ ರಗ್ಬಿ ಆಡಿದ. ಅವನ ತಂಡಕ್ಕೆ ನಾನು ಮ್ಯಾನೇಜರ್ ಆಗಿದ್ದೆ. ಈ ಆಟ ಸ್ಕೂಲುಗಳಲ್ಲಿ ಸೊರಗುವುದನ್ನು ಹತ್ತಿರದಿಂದ ನೋಡಿದ್ದೇನೆ, ನೋಡಿ ನೊಂದಿದ್ದೇನೆ.

ಈ ದೇಶದಲ್ಲಿ ರಗ್ಬಿ ಶುರುವಾಗಿದ್ದೇ ಸ್ಕೂಲು ಹುಡುಗರಿಂದ. ಇಂಗ್ಲೆಂಡಿನಲ್ಲಿ ಓದಿ ಬಂದ ಚಾರ್ಲ್ಸ್ ಮನ್ರೋ ಎಂಬ ಯುವಕ ಆಟ ಕಲಿಸಿದ. 1870ರ ಮೇ 14ರಂದು ನೆಲ್ಸನ್ ಊರಿನಲ್ಲಿ ಮೊದಲ ಪಂದ್ಯ ನಡೆಯಿತು. ಒಂದು ಕಡೆ ಊರಿನ ಕ್ಲಬ್, ಇನ್ನೊಂದು ಕಡೆ ನೆಲ್ಸನ್ ಕಾಲೇಜ್ ಎಂಬ ಹೈಸ್ಕೂಲಿನ ಹುಡುಗರು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ ದೇಶದ ತಂಡವಾದ ಆಲ್ ಬ್ಲ್ಯಾಕ್ಸ್‌ಗೆ ಆಟಗಾರರು ತಯಾರಾಗಿದ್ದು ಸ್ಕೂಲು ಮೈದಾನಗಳಲ್ಲೇ. ಆಲ್ ಬ್ಲ್ಯಾಕ್ಸ್‌ನ ದೊಡ್ಡ ಹೆಸರು, ದಕ್ಷಿಣ ಆಕ್ಲೆಂಡಿನ ಹುಡುಗ ಜೋನಾ ಲೋಮು, ವೆಸ್ಲಿ ಕಾಲೇಜ್ ಎಂಬ ಹೈಸ್ಕೂಲಿನಲ್ಲಿ ಆಡಿ ಬೆಳೆದವರು.

ಆಗ ಇದು ಹೇಗೆ ನಡೆಯುತ್ತಿತ್ತು ಅಂದರೆ, ಮೇಷ್ಟ್ರುಗಳಿಂದ. ಗಣಿತದ ಮೇಷ್ಟ್ರು ಒಂದು ತಂಡ ನೋಡಿಕೊಳ್ಳುತ್ತಿದ್ದರು, ಭೂಗೋಳದ ಮೇಷ್ಟ್ರು ಇನ್ನೊಂದು. ಅದಕ್ಕೆ ಬೇರೆ ಸಂಬಳ ಇಲ್ಲ. ಶನಿವಾರ ಇಡೀ ಊರು ಖಾಲಿ ಇರುತ್ತಿತ್ತು. 1980ರ ತನಕ ಬಹುಪಾಲು ಅಂಗಡಿಗಳು ಶನಿವಾರ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ರಜೆ, ಹೋಗೋದಾದರೂ ಎಲ್ಲಿಗೆ? ಮೈದಾನಕ್ಕೆ. ಈಗ ಹಾಗಿಲ್ಲ. ನಿಮ್ಮ ಯಜಮಾನರಿಗೂ ವಾರಾಂತ್ಯದ ಶಿಫ್ಟ್ ಇದೆ ಅಂತ ಬರೆದಿದ್ದೀರಿ. ನನ್ನ ಮಗನ ತಂಡದಲ್ಲಿ ಅರ್ಧಕ್ಕರ್ಧ ಹುಡುಗರ ಮನೆಯಲ್ಲಿ ಅದೇ ಪರಿಸ್ಥಿತಿ. ಸೂಪರ್ ಮಾರ್ಕೆಟ್, ಗೋದಾಮು, ವೃದ್ಧಾಶ್ರಮ, ಟ್ಯಾಕ್ಸಿ. ಮೇಷ್ಟ್ರುಗಳಿಗೂ ಕಾಗದ ಪತ್ರದ ಕೆಲಸ ವಿಪರೀತ. ಹಾಗಾಗಿ ತಂಡ ಕಟ್ಟಬೇಕು ಅಂದರೆ ಮೊದಲು ಹುಡುಗರನ್ನಲ್ಲ, ದೊಡ್ಡವರನ್ನು ಹುಡುಕಬೇಕು.

ತಂಡ ನಡೆಸುವುದು ಏನು ಅಂತ ಒಂದು ಶನಿವಾರದ ಲೆಕ್ಕ ಹೇಳುತ್ತೇನೆ. ಗುರುವಾರ ರಾತ್ರಿಯಿಂದಲೇ ಮೆಸೇಜ್ ಬರಲು ಶುರು. ಒಬ್ಬನಿಗೆ ಜ್ವರ, ಒಬ್ಬನ ಅಜ್ಜಿಯ ಹುಟ್ಟುಹಬ್ಬ, ಒಬ್ಬನಿಗೆ ಬರೋಕೆ ಕಾರಿಲ್ಲ. ಶುಕ್ರವಾರ ರಾತ್ರಿ ಹೊತ್ತಿಗೆ ತಂಡಕ್ಕೆ ಬೇಕಾದ ಹದಿನೈದು ಹುಡುಗರು ಹೋಗಿ ಹದಿಮೂರಾಗಿರುತ್ತದೆ. ಶನಿವಾರ ಬೆಳಗ್ಗೆ ಮಂಜು ಬಿದ್ದ ಹುಲ್ಲಿನ ಮೇಲೆ ನಿಂತು ಎದುರು ತಂಡದವರ ಹತ್ತಿರ ಇಬ್ಬರನ್ನು ಸಾಲ ಕೇಳುವುದು. ಸ್ಕ್ರಮ್ ಅಂದರೆ ಎರಡೂ ತಂಡದವರು ತಲೆ ಬಗ್ಗಿಸಿ, ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು. ಅದರಲ್ಲಿ ಮುಂದಿನ ಸಾಲಿಗೆ ನಿಲ್ಲಲು ತರಬೇತಿ ಇರುವ ಹುಡುಗ ಇಲ್ಲ ಅಂದರೆ ಸ್ಕ್ರಮ್‌ನಲ್ಲಿ ತಳ್ಳುವ ಹಾಗಿಲ್ಲ, ಸುಮ್ನೆ ಹಿಡಿದು ನಿಲ್ಲಬೇಕು. ಯಾರದೋ ಅಪ್ಪನ ಕೈಗೆ ಬಾವುಟ ಕೊಟ್ಟು ಲೈನ್ಸ್‌ಮನ್ ಮಾಡುವುದು. ವಿರಾಮದಲ್ಲಿ ಹೆಚ್ಚಿದ ಕಿತ್ತಳೆ ಹಣ್ಣಿನ ಡಬ್ಬಿ ಸುತ್ತ ಹುಡುಗರೆಲ್ಲ ಕೆಸರು ಕೈಯಲ್ಲೇ ಮುತ್ತಿಕೊಳ್ಳುತ್ತಾರೆ. ಆ ಹೊತ್ತಿಗೆ ಸಮೋವಾ, ಟೋಂಗಾ, ಮಾವೊರಿ, ಕನ್ನಡ ಅಂತ ಏನೂ ಇರುವುದಿಲ್ಲ. ನನ್ನ ಮಗ ಈ ದೇಶಕ್ಕೆ ಸೇರಿದ್ದು ಆ ಡಬ್ಬಿಯ ಸುತ್ತ.

ಇಂಥ ತಂಡಗಳೇ ಈಗ ಕಾಣೆಯಾಗುತ್ತಿರುವುದು. ದೊಡ್ಡ ಸ್ಕೂಲುಗಳ ಮೊದಲ ತಂಡ, ಫಸ್ಟ್ ಫಿಫ್ಟೀನ್, ಅದಕ್ಕೇನೂ ಆಗಿಲ್ಲ. ಅದಕ್ಕೆ ಸಂಬಳದ ಕೋಚ್ ಇದ್ದಾರೆ, ಜಿಮ್ ಇದೆ. ಆ ಪಂದ್ಯಗಳು ಟೀವಿಯಲ್ಲೂ ನೇರ ಪ್ರಸಾರವಾಗಿವೆ. ಹದಿನೇಳರ ಹುಡುಗರನ್ನು ಸ್ಟಾರ್ ಮಾಡಿಬಿಟ್ಟರು. ಆಮೇಲೆ ದುಡ್ಡಿರುವ ಸ್ಕೂಲುಗಳು ಬೇರೆ ಸ್ಕೂಲಿನ ಒಳ್ಳೆ ಆಟಗಾರರಿಗೆ ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಳ್ಳಲು ಶುರು ಮಾಡಿದವು. 2018ರ ಕೊನೆಯಲ್ಲಿ ಇದು ಎಲ್ಲಿಗೆ ಮುಟ್ಟಿತು ಅಂದರೆ, ಆಕ್ಲೆಂಡಿನ ದೊಡ್ಡ ಟೂರ್ನಿಯ ಹತ್ತು ಸ್ಕೂಲುಗಳ ಪ್ರಿನ್ಸಿಪಾಲರು ಒಟ್ಟಾಗಿ, ಒಂದು ಖಾಸಗಿ ಸ್ಕೂಲಿನ ವಿರುದ್ಧ ಮುಂದಿನ ವರ್ಷ ಆಡುವುದೇ ಇಲ್ಲ ಎಂದರು. ಆಮೇಲೆ ಮಾತುಕತೆಯಾಗಿ, ಹೊಸದಾಗಿ ಸೇರಿಸಿಕೊಂಡ ಆಟಗಾರರ ಬಗ್ಗೆ ನಿಯಮ ಬಂತು.

ಇದರಲ್ಲಿ ಪೆಟ್ಟು ತಿಂದವರು ಯಾರು? ಸಣ್ಣ ಸ್ಕೂಲಿನ ಉಳಿದ ಹದಿನಾಲ್ಕು ಹುಡುಗರು. ಒಳ್ಳೆಯವನೊಬ್ಬ ಹೋದರೆ ತಂಡ ಸೋಲುತ್ತದೆ. ವಾರ ವಾರ ಅರವತ್ತು, ಎಪ್ಪತ್ತು ಪಾಯಿಂಟಲ್ಲಿ ಸೋತರೆ ಯಾವ ಹುಡುಗ ಮುಂದಿನ ವರ್ಷ ಹೆಸರು ಕೊಡುತ್ತಾನೆ ಹೇಳಿ? ಮಕ್ಕಳು ಮೆತ್ತಗಾದರು, ಮೊಬೈಲ್ ಹಿಡಿದು ಕೂತರು ಅಂತ ಇಲ್ಲಿ ಬಹಳ ಜನ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ತಂಡಕ್ಕೆ ನೀರೆರೆದು ಮೂರನೇ ತಂಡದ ಬೇರು ಒಣಗಿಸಿದವರು ದೊಡ್ಡವರು. ಅದು ಅವರಿಗೂ ತಡವಾಗಿ ಗೊತ್ತಾಯಿತು. 2019ರಲ್ಲಿ ರಗ್ಬಿ, ಕ್ರಿಕೆಟ್, ಹಾಕಿ, ಫುಟ್‌ಬಾಲ್, ನೆಟ್‌ಬಾಲ್ ಐದೂ ಸಂಸ್ಥೆಗಳು ಸೇರಿ, ಚಿಕ್ಕ ಮಕ್ಕಳನ್ನು ಆರಿಸಿ ಜರಡಿ ಹಿಡಿಯುವುದು ಕಡಿಮೆ ಮಾಡುತ್ತೇವೆ, ಎಲ್ಲರಿಗೂ ಆಡಲು ಅವಕಾಶ ಕೊಡುತ್ತೇವೆ ಎಂದು ಮಾತು ಕೊಟ್ಟವು. ಆಗ ಕೆಲವು ಅಪ್ಪಂದಿರು ಕೂಗಾಡಿದರು. ನನಗೆ ಮಾತ್ರ ಆ ನಿರ್ಧಾರ ಸರಿ ಅನ್ನಿಸಿತು.

ನಿಮಗೆ ನಿಜವಾದ ಭಯ ತಲೆಪೆಟ್ಟಿನದು, ಅಲ್ವಾ? ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆಲ್ ಬ್ಲ್ಯಾಕ್ಸ್‌ನ ಕಾರ್ಲ್ ಹೇಮನ್, ನೋಡಲು ಬಂಡೆಯ ಹಾಗಿದ್ದ ಮನುಷ್ಯ. ತನಗೆ 41ರ ವಯಸ್ಸಿಗೇ ಮರೆವಿನ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ್ದನ್ನು 2021ರಲ್ಲಿ ಎಲ್ಲರಿಗೂ ತಿಳಿಸಿದರು. ಆ ಸುದ್ದಿ ಓದಿ ಎಷ್ಟೋ ಅಮ್ಮಂದಿರು ಮಕ್ಕಳ ಬೂಟು ಎತ್ತಿಟ್ಟಿರುತ್ತಾರೆ. ಅದು ತಪ್ಪು ಅನ್ನಲಾರೆ. ಆದರೆ ಈಗಿನ ನಿಯಮ ಬೇರೆ. ತಲೆಗೆ ಪೆಟ್ಟಾಗಿದೆ ಅಂತ ರೆಫರಿಗೆ ಅನುಮಾನ ಬಂದರೆ ನೀಲಿ ಕಾರ್ಡ್ ತೋರಿಸುತ್ತಾರೆ. ಅವತ್ತು ಆ ಹುಡುಗ ಮತ್ತೆ ಮೈದಾನಕ್ಕಿಳಿಯುವ ಹಾಗಿಲ್ಲ. ಕನಿಷ್ಠ 21 ದಿನ ಪಂದ್ಯ ಆಡುವ ಹಾಗಿಲ್ಲ, ಡಾಕ್ಟರು ಸರಿ ಅನ್ನುವ ತನಕವೂ ಇಲ್ಲ. ಟ್ಯಾಕಲ್ ಮಾಡುವಾಗ, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಬೀಳಿಸುವಾಗ, ಮೊದಲು ಹಿಡಿಯುವವನು ಎದೆಮೂಳೆಯಿಂದ ಕೆಳಗೆ ಹಿಡಿಯಬೇಕು ಅಂತ ಊರಿನ ಮಟ್ಟದ ಆಟದಲ್ಲಿ 2023ರಿಂದ ಪ್ರಯೋಗ ಶುರು ಮಾಡಿದರು. ಇನ್ನು ಪೆಟ್ಟಿನ ಖರ್ಚು. ಎಸಿಸಿ ಅಂತ ಸರ್ಕಾರದ ವ್ಯವಸ್ಥೆ ಇದೆ. ತಪ್ಪು ಯಾರದ್ದು ಅಂತ ಕೇಳುವುದಿಲ್ಲ, ನಿಮ್ಮ ವೀಸಾ ಯಾವುದು ಅಂತಲೂ ಕೇಳುವುದಿಲ್ಲ. ಅಪಘಾತದ ಪೆಟ್ಟಿಗೆ ಚಿಕಿತ್ಸೆಯ ಬಹುಪಾಲು ಅವರದ್ದೇ. ಇದು ರಗ್ಬಿಗೆ ಮಾತ್ರ ಅಲ್ಲ, ಮನೆಯಲ್ಲಿ ಜಾರಿ ಬಿದ್ದರೂ ಅಷ್ಟೇ. ನೆನಪಿಟ್ಟುಕೊಳ್ಳಿ.

ಮೈಗಾತ್ರದ ಮಾತೂ ಇದೆ. ಹದಿಮೂರರ ಹುಡುಗರಲ್ಲಿ ಒಬ್ಬ ನಲವತ್ತು ಕೆಜಿ ಇದ್ದರೆ ಇನ್ನೊಬ್ಬ ಎಂಬತ್ತು. ನಮ್ಮ ಮಕ್ಕಳು ಹೆಚ್ಚಾಗಿ ನಲವತ್ತರ ಕಡೆಯವರು. ಅದಕ್ಕಾಗಿಯೇ ಇಷ್ಟು ಕೆಜಿಯೊಳಗಿನವರು ಮಾತ್ರ ಆಡಬೇಕು ಎಂಬ ತೂಕದ ತಂಡಗಳಿವೆ. ದೊಡ್ಡವರಿಗೂ 85 ಕೆಜಿಯೊಳಗಿನವರ ರಾಷ್ಟ್ರೀಯ ಕಪ್ ಇದೆ, 2020ರಲ್ಲಿ ಶುರುವಾಯಿತು. ನನ್ನ ಮಗ ಆಡಿದ್ದು ತೂಕದ ತಂಡದಲ್ಲೇ. ನಿಮ್ಮ ಸ್ಕೂಲಿನಲ್ಲಿ ಅದು ಇದೆಯಾ ಅಂತ ಸ್ಪೋರ್ಟ್ಸ್ ಆಫೀಸಿನಲ್ಲಿ ಕೇಳಿ.

ರಗ್ಬಿಯಿಂದ ಹುಡುಗರನ್ನು ಸೆಳೆಯುತ್ತಿರುವ ಇನ್ನೊಂದು ಆಟ ಬ್ಯಾಸ್ಕೆಟ್‌ಬಾಲ್. ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಐದು ಜನ ಇದ್ದರೆ ಆಯಿತು. ಆಕ್ಲೆಂಡಿನ ಚಳಿಗಾಲದ ಮಳೆ ಒಳಗೆ ಬರುವುದಿಲ್ಲ. 2013ರಲ್ಲಿ ರೋಟೊರುವಾದ ಸ್ಟೀವನ್ ಆಡಮ್ಸ್ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೋದ ಮೇಲಂತೂ ಹುಡುಗರು ಆ ಕಡೆ ಹೊರಳಿದರು.

ವಲಸೆ ಬಂದವರಿಂದಲೇ ರಗ್ಬಿ ಹಾಳಾಯಿತು ಅಂತ ಯಾರಾದರೂ ನಿಮ್ಮ ಮುಂದೆ ಹೇಳಬಹುದು. ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ಸ್ವಲ್ಪ ನಿಜ ಇದೆ. 2023ರ ಜನಗಣತಿಯ ಪ್ರಕಾರ ಆಕ್ಲೆಂಡಿನಲ್ಲಿ ಹತ್ತರಲ್ಲಿ ಮೂರು ಜನ ಏಷ್ಯಾ ಮೂಲದವರು. ನಮ್ಮ ಮಕ್ಕಳು ಕ್ರಿಕೆಟ್, ಬ್ಯಾಡ್ಮಿಂಟನ್, ಹಾಕಿ ಅಂತ ಹೋಗುತ್ತಾರೆ. ಬೆಂಗಳೂರು ಮೂಲದ ಅಪ್ಪ ಅಮ್ಮನಿಗೆ ವೆಲ್ಲಿಂಗ್ಟನ್ನಿನಲ್ಲಿ ಹುಟ್ಟಿದ ರಚಿನ್ ರವೀಂದ್ರ, 2023ರ ವಿಶ್ವಕಪ್ಪಿನಲ್ಲಿ ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ ಪಾಕಿಸ್ತಾನದ ಮೇಲೆ 108 ಹೊಡೆದಾಗ ಇಲ್ಲಿನ ಕನ್ನಡದ ಮನೆಗಳಲ್ಲಿ ಹಬ್ಬ. ಸಂತೋಷವೇ. ಆದರೆ ವಲಸಿಗರು ಅಷ್ಟಾಗಿ ಇಲ್ಲದ ಹಳ್ಳಿ ಕಡೆಯ ಸ್ಕೂಲುಗಳೂ ಹದಿನೈದು ಹುಡುಗರಿಗೆ ಪರದಾಡುತ್ತವೆ. ಎರಡು ಮೂರು ಸ್ಕೂಲು ಸೇರಿ ಒಂದು ತಂಡ ಮಾಡುತ್ತವೆ. ಅದಕ್ಕೆ ನಾವು ಕಾರಣ ಅಲ್ಲವಲ್ಲ.

ಇಷ್ಟರ ನಡುವೆ ಹುಡುಗಿಯರ ತಂಡಗಳು ಹೆಚ್ಚುತ್ತಿವೆ. 2022ರ ನವೆಂಬರಿನಲ್ಲಿ ಆಕ್ಲೆಂಡಿನ ಈಡನ್ ಪಾರ್ಕ್ ಮೈದಾನದಲ್ಲಿ ನಮ್ಮ ಮಹಿಳಾ ರಾಷ್ಟ್ರೀಯ ತಂಡ ಬ್ಲ್ಯಾಕ್ ಫರ್ನ್ಸ್ ಇಂಗ್ಲೆಂಡನ್ನು 34-31ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ನೋಡಲು 42 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ನಿಮ್ಮ ಮಗಳು ಪ್ರೈಮರಿಯಲ್ಲಿದ್ದಾಳೆ ಅಂದಿರಿ. ಅವಳಿಗೆ ರಿಪ್ಪಾ ರಗ್ಬಿ ಇದೆ. ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಟ್ಯಾಕಲ್ ಆದಂತೆ. ಬೀಳಿಸುವುದು, ಗುದ್ದುವುದು ಇಲ್ಲ. ಅವಳನ್ನು ಈ ಸೀಸನ್ನಿಗೇ ಸೇರಿಸಿ.

ಮಗನ ವಿಷಯಕ್ಕೆ ಬಂದರೆ, ಅವನಿಗೆ ಆಸೆ ಇದ್ದರೆ ಆಡಲಿ. ಪಕ್ಕದ ಸ್ಕೂಲಿನ ಜೊತೆ ಸೇರಿ ತಂಡ ಮಾಡುತ್ತಾರಾ, ಹತ್ತು ಜನರ ಪಂದ್ಯ ಇದೆಯಾ ಅಂತ ಸೋಮವಾರವೇ ಇಮೇಲ್ ಹಾಕಿ. ಬೇಸಿಗೆಯಲ್ಲಿ ಟಚ್ ರಗ್ಬಿ ಆಡಿಸಿ, ಅದರಲ್ಲಿ ಟ್ಯಾಕಲ್ಲೇ ಇಲ್ಲ, ಕೈಯಲ್ಲಿ ಮುಟ್ಟಿದರೆ ಸಾಕು, ಪಾಸ್ ಮಾಡುವುದು ಓಡುವುದು ಚೆನ್ನಾಗಿ ಬರುತ್ತದೆ. ಬೂಟನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಆರು ತಿಂಗಳಿಗೆ ಕಾಲು ಬೆಳೆದಿರುತ್ತದೆ. ಮೌತ್‌ಗಾರ್ಡ್ ಮಾತ್ರ ಹೊಸದು, ಒಳ್ಳೆಯದು ಬೇಕು.

ಇನ್ನೊಂದು. ಆ ಇಮೇಲ್‌ನಲ್ಲೇ, ನಾನು ಮ್ಯಾನೇಜರ್ ಆಗಲು ಸಿದ್ಧ ಅಂತ ಬರೆಯಿರಿ. ಆಟ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಮ್ಯಾನೇಜರ್‌ಗೆ ಬೇಕಾದ್ದು ಫೋನ್ ನಂಬರುಗಳ ಪಟ್ಟಿ, ಒಂದು ಕಾರು, ಸ್ವಲ್ಪ ತಾಳ್ಮೆ ಅಷ್ಟೇ. ಒಬ್ಬರು ಕೈ ಎತ್ತಿದರು ಅಂತಲೇ ಉಳಿದುಕೊಂಡ ತಂಡಗಳನ್ನು ನಾನು ನೋಡಿದ್ದೇನೆ. ನೀವು ಯಾವ ಕಡೆ ಇದ್ದೀರಿ ಅಂತ ತಿಳಿಸಿ. ಪಶ್ಚಿಮದ ಕಡೆ ಆದರೆ ಮೊದಲ ಒಂದೆರಡು ಶನಿವಾರ ನಾನೇ ಬಂದು ಜೊತೆಗೆ ನಿಲ್ಲುತ್ತೇನೆ.