ಆ ಕುರಿ ಕುರಿಯಂತೆ ಕಾಣಬೇಕಾಗಿಲ್ಲ

ಗ್ರಂಥಾಲಯಗಳಲ್ಲಿ ಪುಟ್ಟ ಮಕ್ಕಳಿಗೆ ನಡೆಸುವ ಕಥಾ ಸಮಯ ಮತ್ತು ಅದರ ಜೊತೆಗಿನ ಚಿತ್ರಕಲೆಯ ಬಗ್ಗೆ ಕೆಲವು ಪ್ರಶ್ನೆಗಳು ಬರುತ್ತಲೇ ಇವೆ. ಹಿಂದೆ ಚುಟುಕಾಗಿ ಉತ್ತರಿಸಿದ್ದರೂ ಅವು ನಿಂತಿಲ್ಲ. ಅದರಲ್ಲೂ ಕೆಳಗಿನ ಮೊದಲನೆಯದು ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಈ ಬಾರಿಯ ಅಂಕಣದ ಬಹುಪಾಲನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ. ಮಕ್ಕಳಿಗೆ ಓದಿ ಹೇಳುವುದು ಏಕೆ ಒಳ್ಳೆಯದು, ಪುಸ್ತಕವನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಈ ಕೆಲಸಕ್ಕೆ ಕೈಹಾಕಿದವರಿಗೆ ಅಷ್ಟು ತಿಳಿದಿರುತ್ತದೆ.

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಕಥೆ ಹೇಳಿ, ಆಮೇಲೆ ಕಥೆಗೆ ಹೊಂದುವ ಒಂದು ಕ್ರಾಫ್ಟ್ ಮಾಡಿಸುತ್ತೇವೆ. ಕಳೆದ ವಾರ ಕುರಿಯ ಕಥೆಯಿತ್ತು. ಕುರಿಯ ಆಕಾರಗಳನ್ನು ನಾನೇ ರಾತ್ರಿ ಕೂತು ಕತ್ತರಿಸಿಟ್ಟಿದ್ದೆ, ಮಕ್ಕಳು ಅದರ ಮೈಗೆ ಹತ್ತಿ ಅಂಟಿಸಬೇಕಿತ್ತು. ಕೆಲವರು ಹತ್ತಿಯನ್ನೆಲ್ಲ ಒಂದೇ ಕಡೆ ಒತ್ತಿದರು, ಕೆಲವರು ಎರಡೇ ನಿಮಿಷಕ್ಕೆ ಎದ್ದುಹೋದರು, ಉಳಿದವರ ಕುರಿಗಳನ್ನು ಅಮ್ಮಂದಿರೇ ಮುಗಿಸಿದರು. ಇದಕ್ಕಿಂತ ಸುಲಭವಾದ ಕ್ರಾಫ್ಟ್‌ಗಳನ್ನು ತಿಳಿಸುವಿರಾ?

ತಿಳಿಸುವುದಿಲ್ಲ, ಏಕೆಂದರೆ ತೊಂದರೆ ಇರುವುದು ಕ್ರಾಫ್ಟ್ ಕಷ್ಟವಾಗಿರುವುದರಲ್ಲಲ್ಲ. ಆಕಾರ ನಿಮ್ಮದು, ಹತ್ತಿ ಎಲ್ಲಿರಬೇಕೆಂಬ ನಿರ್ಧಾರ ನಿಮ್ಮದು, ಕೊನೆಗೆ ಅದು ಹೇಗೆ ಕಾಣಬೇಕೆಂಬ ಕಲ್ಪನೆಯೂ ನಿಮ್ಮದು. ಮಗುವಿಗೆ ಉಳಿದದ್ದು ಹೇಳಿದ ಜಾಗಕ್ಕೆ ಹೇಳಿದ ವಸ್ತುವನ್ನು ಅಂಟಿಸುವ ಕೂಲಿ ಮಾತ್ರ. ಎದ್ದುಹೋದ ಮಕ್ಕಳನ್ನು ನಾನು ತಪ್ಪು ಹೇಳಲಾರೆ.

ಹತ್ತಿಯನ್ನೆಲ್ಲ ಒಂದೇ ಕಡೆ ಒತ್ತಿದ ಮಗುವನ್ನು ಹತ್ತಿರ ಕೂತು ನೋಡಿದ್ದರೆ ಬೇರೆಯೇ ಸಂಗತಿ ಕಾಣುತ್ತಿತ್ತು. ಮೊದಲು ಬೆರಳನ್ನು ಅಂಟಿನಲ್ಲಿ ಅದ್ದಿ, ಹೆಬ್ಬೆರಳಿಗೆ ತಾಗಿಸಿ, ನಿಧಾನವಾಗಿ ಬಿಡಿಸಿ ನೋಡುತ್ತದೆ. ಆಮೇಲೆ ಹತ್ತಿಯ ಒಂದು ತುಣುಕನ್ನು ಇಡುತ್ತದೆ, ಅದು ನಿಲ್ಲುತ್ತದೆ. ಅದರ ಮೇಲೆ ಎರಡನೆಯದನ್ನು ಇಡುತ್ತದೆ, ಅದು ಬೀಳುತ್ತದೆ. ಜೋರಾಗಿ ಒತ್ತಿದಾಗ ಕೆಳಗಿನ ಅಂಟು ಮೇಲಕ್ಕೆ ಒಸರಿ ಅದೂ ನಿಲ್ಲುತ್ತದೆ. ಅಂಟು ಎಲ್ಲಿದೆಯೋ ಅಲ್ಲಿ ಮಾತ್ರ ಅಂಟುತ್ತದೆ, ಒತ್ತಿದರೆ ಬಲವಾಗಿ ಹಿಡಿಯುತ್ತದೆ ಎಂಬುದನ್ನು ಆ ಮಗು ತಾನಾಗಿ ಕಂಡುಕೊಂಡಿತು. ಅಷ್ಟರಲ್ಲಿ ದೊಡ್ಡವರ ಕೈ ಬಂದು, ‘ಅಲ್ಲಲ್ಲ ಪುಟ್ಟಾ, ಇಲ್ಲಿ ಅಂಟಿಸು’ ಎಂದು ಹತ್ತಿಯನ್ನು ಕುರಿಯ ಬೆನ್ನಿಗೆ ಸರಿಸುತ್ತದೆ. ಅಲ್ಲಿಗೆ ಕಲಿಕೆ ನಿಂತಿತು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ವಯಸ್ಸಿನ ಮಗು ನೋಡಿದ್ದನ್ನು ನೋಡಿದಂತೆ ಬಿಡಿಸುವುದಿಲ್ಲ, ಬಿಡಿಸಬೇಕಾಗಿಯೂ ಇಲ್ಲ. ಕಲಾಶಿಕ್ಷಣದ ವಿದ್ವಾಂಸ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಹಂತಗಳ ಪ್ರಕಾರ ಸುಮಾರು ಎರಡರಿಂದ ನಾಲ್ಕು ವರ್ಷದವರೆಗಿನದು ಗೀಚುವ ಕಾಲ. ಇಂಥದ್ದೇ ಚಿತ್ರವೆಂದು ಗುರುತಿಸಬಹುದಾದ ಆಕಾರಗಳು ಕಾಣಿಸಿಕೊಳ್ಳುವುದು ಅದರ ನಂತರ. ಮಕ್ಕಳ ಚಿತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಸಂಗ್ರಹಿಸಿದ ರೋಡಾ ಕೆಲ್ಲಾಗ್ ಅವರು ಈ ಗೀಚುಗಳಲ್ಲೇ ಚುಕ್ಕೆ, ಅಡ್ಡಗೆರೆ, ಸುರುಳಿ, ಅಂಕುಡೊಂಕು ಎಂದು 20 ಮೂಲ ಬಗೆಗಳನ್ನು ಗುರುತಿಸಿದ್ದರು. ಬರಿಯ ಗೀಚು ಎಂದು ಪಾಲಕರು ಮಡಚಿ ಎಸೆಯುವ ಹಾಳೆಯಲ್ಲಿ ಮುಂದಿನ ಚಿತ್ರಕ್ಕೂ ಬರವಣಿಗೆಗೂ ಬೇಕಾದ ಗೆರೆಗಳೆಲ್ಲ ಇರುತ್ತವೆ.

ಇನ್ನು ಕೈಯ ವಿಷಯ. ಒಂದೂವರೆ ವರ್ಷದ ಮಗು ಕ್ರೇಯಾನ್ ಅನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದಲೇ ಇಡೀ ತೋಳನ್ನು ಆಡಿಸುತ್ತದೆ. ಎರಡು ಮೂರು ವರ್ಷಕ್ಕೆ ಬೆರಳುಗಳು ಕೆಳಮುಖವಾಗಿ ಹಿಡಿಯಲು ತೊಡಗುತ್ತವೆ. ಮೂರು ಬೆರಳಿನ ಹಿಡಿತ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರೂವರೆ, ನಾಲ್ಕರ ಹೊತ್ತಿಗೆ. ಕತ್ತರಿಯದೂ ಹೀಗೆಯೇ: ಎರಡೂವರೆ ಮೂರು ವರ್ಷದ ಮಗು ಕಾಗದದ ಅಂಚನ್ನು ಕಚಕ್ಕೆಂದು ಕತ್ತರಿಸಿ ಸಂತೋಷಪಡುತ್ತದೆ, ಗೆರೆಯ ಮೇಲೆ ಕತ್ತರಿಸಲು ನಾಲ್ಕಾದರೂ ತುಂಬಬೇಕು. ಭುಜದಿಂದ ಗೀಚುವ ಮಗುವಿಗೆ ಅಂಗೈಯಗಲದ ಕುರಿಯನ್ನು ಕೊಟ್ಟು, ಗೆರೆ ದಾಟದಂತೆ ಬಣ್ಣ ತುಂಬಲು ಹೇಳುವುದು ಅನ್ಯಾಯ.

ಆದ್ದರಿಂದ ರಾತ್ರಿ ಕೂತು ಕತ್ತರಿಸುವುದನ್ನು ನಿಲ್ಲಿಸಿ. ಮೇಜಿಗೆ ದೊಡ್ಡ ಹಾಳೆಯನ್ನು ನಾಲ್ಕೂ ಮೂಲೆಗೆ ಮಾಸ್ಕಿಂಗ್ ಟೇಪ್ ಹಾಕಿ ಅಂಟಿಸಿ. ಹಾಳೆ ಜಾರಿದರೆ ಮಗುವಿನ ಗಮನವೆಲ್ಲ ಅದನ್ನು ಹಿಡಿಯುವುದರಲ್ಲೇ ಕಳೆದುಹೋಗುತ್ತದೆ. ಸಾಧ್ಯವಿದ್ದರೆ ಇನ್ನೊಂದು ಹಾಳೆಯನ್ನು ಗೋಡೆಗೂ ಅಂಟಿಸಿ, ನಿಂತು ಬಣ್ಣ ಹಚ್ಚುವಾಗ ಭುಜ ಮತ್ತು ಮಣಿಕಟ್ಟು ಎರಡಕ್ಕೂ ಕೆಲಸ ಸಿಗುತ್ತದೆ. ದಪ್ಪ ಕ್ರೇಯಾನ್, ಗಿಡ್ಡ ಹಿಡಿಯ ಅಗಲ ಬ್ರಷ್, ನೀರಿನಲ್ಲಿ ತೊಳೆದರೆ ಹೋಗುವ, ವಿಷಕಾರಿಯಲ್ಲದ ಬಣ್ಣ ಸಾಕು. ಬಣ್ಣ ಎರಡೇ ಇರಲಿ. ಐದಾರು ಕೊಟ್ಟರೆ ಎಲ್ಲವೂ ಬೆರೆತು ಕೆಸರಿನ ಬಣ್ಣವೊಂದೇ ಉಳಿಯುತ್ತದೆ, ಎರಡಾದರೆ ಹಳದಿಗೂ ನೀಲಿಗೂ ನಡುವೆ ಹಸಿರು ಹುಟ್ಟಿದ್ದನ್ನು ಮಗು ಗಮನಿಸುತ್ತದೆ. ಕಡ್ಡಿ ಅಂಟನ್ನು ಚಿಕ್ಕವರು ಪೂರ್ತಿ ಮೇಲಕ್ಕೆ ತಿರುಗಿಸಿ ಮುರಿಯುತ್ತಾರೆ, ಅದರ ಬದಲು ಬಿಳಿ ಅಂಟನ್ನು ಅಗಲ ಮುಚ್ಚಳದಲ್ಲಿ ಸ್ವಲ್ಪವೇ ಸುರಿದು ಬ್ರಷ್ ಇಡಿ.

ಇಲ್ಲೊಂದು ಎಚ್ಚರಿಕೆ. ಮೂರು ವರ್ಷದೊಳಗಿನವರ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸುವ ಕೊಳವೆಯ ಅಡ್ಡಳತೆ ಸುಮಾರು 32 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಲ್ಲದು ಎಂಬುದೇ ಅದರ ಹಿಂದಿನ ಲೆಕ್ಕ. ಗುಂಡಿ, ಮಣಿ, ಮುರಿದ ಕ್ರೇಯಾನಿನ ತುಂಡು, ನಿಮ್ಮ ಹತ್ತಿಯ ಪುಟ್ಟ ಉಂಡೆಗಳು ಎಲ್ಲವೂ ಅದರೊಳಗೆ ಹೋಗುತ್ತವೆ. ಮೂರರೊಳಗಿನ ಒಂದೇ ಒಂದು ಮಗು ಕೋಣೆಯಲ್ಲಿದ್ದರೂ ನಾನು ಇವನ್ನು ಮೇಜಿನ ಮೇಲೆ ಇಡಗೊಡುವುದಿಲ್ಲ. ಅಂಟಿಸಲು ಹರಿದ ಕಾಗದ, ಅಗಲವಾದ ಬಟ್ಟೆಯ ಚೂರು ಇದ್ದೇ ಇವೆ. ಇದು ಅತಿಯಾಯಿತು ಎನ್ನುವವರು ಎನ್ನಲಿ.

ಹಾಗಾದರೆ ಕಥೆಗೂ ಚಿತ್ರಕ್ಕೂ ನಂಟು ಹೇಗೆ ಎಂದು ನೀವು ಕೇಳಬಹುದು. ಕಥೆಯಲ್ಲಿ ಬರುವ ಪ್ರಾಣಿಯನ್ನು ಮಾಡಿಸುವ ಬದಲು ಕಥೆಯಲ್ಲಿ ನಡೆಯುವ ಕ್ರಿಯೆಯನ್ನು ಮೇಜಿಗೆ ತನ್ನಿ. ಕುರಿ ಮಳೆಯಲ್ಲಿ ನೆನೆದರೆ ಒದ್ದೆ ಬ್ರಷ್‌ನಿಂದ ಟಪಟಪ ಹನಿ ಬೀಳಿಸುವುದು, ಕುರಿ ಕಳೆದುಹೋದರೆ ಹಾಳೆಯ ಮೇಲೆ ಗೀಚಿದ್ದನ್ನು ಕಾಗದ ಅಂಟಿಸಿ ಅಡಗಿಸುವುದು, ಬೆಟ್ಟ ಹತ್ತಿದರೆ ಗೋಡೆಯ ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯುವುದು. ಕಥೆ ಓದುವಾಗಲೇ ‘ಒದ್ದೆ’, ‘ಅಡಗು’, ‘ಏರು’ ಎಂಬ ಒಂದೆರಡು ಮಾತುಗಳನ್ನು ಮಕ್ಕಳ ಬಾಯಲ್ಲಿ ಹೇಳಿಸಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದೇ: ಓದುವವರು ಸುಮ್ಮನೆ ಓದಿಕೊಂಡು ಹೋಗದೆ ಮಗುವನ್ನು ಕೇಳಿ, ಅದು ಹೇಳಿದ ಒಂದು ಪದಕ್ಕೆ ಇನ್ನೆರಡು ಸೇರಿಸಿ ತಿರುಗಿ ಹೇಳಿದರೆ ಮಗುವಿನ ಮಾತು ಬೆಳೆಯುತ್ತದೆ. ಮಗು ‘ಕುರಿ’ ಎಂದರೆ ನೀವು ‘ಹೌದು, ಒದ್ದೆಯಾದ ಕುರಿ’ ಎನ್ನಿ. ಅದೇ ಪದ ಬಣ್ಣದ ಮೇಜಿನಲ್ಲಿ ಮತ್ತೆ ಕೈಗೆ ಸಿಕ್ಕಾಗ ನಿಜವಾಗಿಯೂ ಒದ್ದೆಯಾಗಿರುತ್ತದೆ.

ಮಾದರಿಯನ್ನು ಮಾಡಿ ತೋರಿಸಬೇಡಿ. ತೋರಿಸಿದ ಕ್ಷಣದಿಂದ ಪಾಲಕರು ಅದರ ನಕಲಿಗೆ ಇಳಿಯುತ್ತಾರೆ. ಆರಂಭದಲ್ಲೇ ಅವರಿಗೆ ವಿನಯವಾಗಿ, ಆದರೆ ಸ್ಪಷ್ಟವಾಗಿ ಹೇಳಿ: ‘ಇವತ್ತು ಮನೆಗೆ ಒಯ್ಯಲು ಕುರಿ ಇರುವುದಿಲ್ಲ. ಮಗುವಿನ ಹಾಳೆಯನ್ನು ದಯವಿಟ್ಟು ಮುಟ್ಟಬೇಡಿ. ನಿಮಗೂ ಬೇರೆ ಹಾಳೆ ಕೊಡುತ್ತೇವೆ, ಪಕ್ಕದಲ್ಲಿ ಕೂತು ನೀವೂ ಗೀಚಿ.’ ಕೈಗೆ ಸ್ವಂತ ಹಾಳೆ ಬಂದರೆ ತಿದ್ದುವ ಚಪಲ ಬಹಳಷ್ಟು ತಗ್ಗುತ್ತದೆ. ‘ಇದೇನು ಬಿಡಿಸಿದೆ?’ ಎಂದು ಯಾರೂ ಕೇಳುವುದು ಬೇಡ, ಏನೂ ಅಲ್ಲದ್ದಕ್ಕೆ ಹೆಸರು ಹುಡುಕುವ ಕಷ್ಟ ಮಗುವಿಗೇಕೆ? ‘ಎಷ್ಟು ಉದ್ದದ ಗೆರೆ ಎಳೆದೆ, ಇಲ್ಲಿ ಜೋರಾಗಿ ಒತ್ತಿದ್ದೀಯ’ ಎಂದು ಕಂಡದ್ದನ್ನು ಹೇಳಿದರೆ ಸಾಕು. ಎರಡು ವರ್ಷದವರಿಗೆ ಕಥೆ, ಹಾಡು ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ ಮೀರದಿರಲಿ. ಬಣ್ಣದ ಮೇಜು ಮಾತ್ರ ತೆರೆದೇ ಇರಲಿ, ಎದ್ದುಹೋದವರು ಬೇಕಾದಾಗ ಬರುತ್ತಾರೆ.

ಪ್ರಶ್ನೆ: ಚೆನ್ನಾಗಿ ಬಿಡಿಸಿದ ಮಗುವಿಗೆ ಬಹುಮಾನ ಕೊಟ್ಟರೆ ಉತ್ಸಾಹ ಹೆಚ್ಚುವುದಿಲ್ಲವೇ?

ತಗ್ಗುತ್ತದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಲಾಗಿತ್ತು. ಒಂದೆರಡು ವಾರದ ನಂತರ ಬಿಡುವಿನ ಆಟದಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧದಷ್ಟಿತ್ತು. ಪುಟ್ಟವರ ನಡುವೆ ಸ್ಪರ್ಧೆ ಏರ್ಪಡಿಸುವ ಗ್ರಂಥಾಲಯಗಳು ಇದನ್ನು ಓದಿಕೊಳ್ಳಬೇಕು.

ಪ್ರಶ್ನೆ: ತರಬೇತುದಾರರೊಬ್ಬರು ಕಥಾ ಸಮಯದಲ್ಲಿ ಎಡಗೈಯಿಂದ ಚಿತ್ರ ಬಿಡಿಸಿ ‘ಬಲಮೆದುಳನ್ನು ಜಾಗೃತಗೊಳಿಸುವ’ ತರಗತಿ ನಡೆಸುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಬಾಗಿಲಲ್ಲೇ ತಡೆಯಿರಿ. ಮೆದುಳಿನ ಎರಡೂ ಅರ್ಧಗಳು ನರತಂತುಗಳ ದಪ್ಪ ಸೇತುವೆಯಿಂದ ಜೋಡಿಸಿಕೊಂಡಿವೆ. ಕಥೆ ಕೇಳುವಾಗಲೂ ಗೀಚುವಾಗಲೂ ಎರಡೂ ಎಚ್ಚರವಾಗಿಯೇ ಇರುತ್ತವೆ. ಯಾವ ಕೈ ಪ್ರಧಾನ ಎಂಬುದು ಈ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಅದನ್ನು ಮಗುವಿಗೇ ಬಿಡಬೇಕು. ವರ್ಷ ತುಂಬುವ ಮೊದಲೇ ಮಗು ಒಂದು ಕೈಯನ್ನು ಬಳಸದೆ ಇನ್ನೊಂದನ್ನೇ ಬಳಸುತ್ತಿದ್ದರೆ ವೈದ್ಯರಿಗೆ ತೋರಿಸಬೇಕು; ಅದಕ್ಕೆ ತರಬೇತುದಾರರ ಬಳಿ ಮದ್ದಿಲ್ಲ. ಪಾಲಕರ ಆತಂಕವನ್ನೇ ಬಂಡವಾಳ ಮಾಡಿಕೊಂಡ ಇಂಥವರಿಗೆ ಸಾರ್ವಜನಿಕ ಗ್ರಂಥಾಲಯದ ಕೋಣೆ ಕೊಡುವುದೆಂದರೆ ಅವರ ಸುಳ್ಳಿಗೆ ಗ್ರಂಥಾಲಯದ ಮುದ್ರೆ ಒತ್ತಿದಂತೆ.

ಪ್ರಶ್ನೆ: ಮಕ್ಕಳು ಅದೇ ಪುಸ್ತಕ ಬೇಕೆನ್ನುತ್ತಾರೆ. ಪ್ರತಿ ವಾರ ಹೊಸದು ಬೇಡವೇ?

ಅದನ್ನೇ ಓದಿ. ಜೆಸ್ಸಿಕಾ ಹಾರ್ಸ್ಟ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮೂರು ವರ್ಷದವರು, ಬೇರೆ ಬೇರೆ ಕಥೆಗಳಲ್ಲಿ ಅವೇ ಪದಗಳನ್ನು ಅಷ್ಟೇ ಸಲ ಕೇಳಿದವರಿಗಿಂತ ಹೆಚ್ಚು ಹೊಸ ಪದ ಕಲಿತರು.

ಪ್ರಶ್ನೆ: ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಆಟಕ್ಕೆ ಇಡಬಹುದೇ?

ಕೂಡದು. ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ, ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದೂ ಕಷ್ಟ. ಕೋಣೆಯಲ್ಲಿ ಇದ್ದರೆ ಇಂದೇ ಹೊರಹಾಕಿ.

ಪ್ರಶ್ನೆ: ಕಥೆ ಹೇಳುವವರು ಬಾರದ ದಿನ ದೊಡ್ಡ ಪರದೆಯಲ್ಲಿ ಕಥೆಯ ವಿಡಿಯೋ ಹಾಕಬಹುದೇ?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದವರಿಗೆ ಕೂತು ಪರದೆ ನೋಡುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಆ ಗಂಟೆ ಮನೆಯಲ್ಲೇ ಮುಗಿದಿರುತ್ತದೆ. ಬಂದಿರುವ ಅಪ್ಪ ಅಮ್ಮಂದಿರಿಗೆ ಒಂದೊಂದು ಪುಸ್ತಕ ಕೊಟ್ಟು, ಅವರವರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಲು ಹೇಳಿ.